ಕುತ್ತಿಗೆಯ ಗುಳಿ ನೋಡುತ್ತಿದ್ದ ಹುಡುಗಿ

ಅವಳು ಮಾತಾಡುವಾಗ ಎದುರಿನವರ ಮುಖ ನೋಡುತ್ತಿರಲಿಲ್ಲ. ಕುತ್ತಿಗೆಯ ಬುಡದಲ್ಲಿ, ಎರಡು ಎಲುಬು ಬಂದು ಸೇರುವಲ್ಲಿ ಒಂದು ಸಣ್ಣ ಗುಳಿ ಇರುತ್ತದಲ್ಲ, ಅದನ್ನೇ ನೋಡುತ್ತಿದ್ದಳು. ಒಲೆಯ ಮೇಲೆ ಹಾಲಿಟ್ಟು ಉಕ್ಕುವುದನ್ನು ಕಾಯುವವರ ಹಾಗೆ, ಕಣ್ಣು ಕದಲಿಸದೆ. ನಮ್ಮ ಮಹಡಿಯ ಕೋಣೆಯನ್ನು ಬಾಡಿಗೆಗೆ ಕೇಳಲು ಬಂದ ದಿನ ನಾನು ಅವಳನ್ನು ಮೇಲೆ ಕರೆದುಕೊಂಡು ಹೋದೆ. ಕೋಣೆ ನೋಡುವುದು ಬಿಟ್ಟು ನನ್ನ ಕುತ್ತಿಗೆಯನ್ನೇ ನೋಡುತ್ತ ನಿಂತಳು. ತಾಳಿಸರ ನೋಡುತ್ತಿದ್ದಾಳೇನೋ ಎಂದುಕೊಂಡು ಸೆರಗು ಎಳೆದುಕೊಂಡೆ.

"ಸರ ಅಲ್ಲ ಆಂಟಿ, ನಿಮ್ಮ ಉಸಿರು ನೋಡ್ತಿದ್ದೆ. ಮೆಟ್ಲು ಹತ್ತಿ ಬಂದ್ರಲ್ಲ, ಎಷ್ಟು ಬೇಗ ಸಮ ಆಗುತ್ತೆ ಅಂತ," ಎಂದಳು.

ಮೊನ್ನೆ ನಿಮ್ಮಲ್ಲಿ ಚಿಕ್ಕವಳು ಕೇಳಿದಳು, "ಅಜ್ಜಿ, ನಾವು ಓಡಿ ಬಂದಾಗೆಲ್ಲ ನಮ್ಮ ಕುತ್ತಿಗೆ ಯಾಕೆ ನೋಡ್ತೀಯ?" ಅಂತ. ನಾನು ಎದ್ದು ಅಡುಗೆಮನೆಗೆ ಹೋದೆ. ನಾಲ್ಕು ಜನರ ಮುಂದೆ ಬಾಯಿಬಿಟ್ಟು ಮಾತಾಡುವುದು ನನಗೆ ಮೊದಲಿನಿಂದಲೂ ಆಗದು. ಹಳ್ಳಿ ಶಾಲೆಯಲ್ಲಿ ಕಲಿತ ಅಕ್ಷರ ಇದೆ, ಬರೆದಿಡುತ್ತೇನೆ. ದೊಡ್ಡವರಾದ ಮೇಲೆ ಓದಿಕೊಳ್ಳಿ.

ಆಗ ನಿಮ್ಮ ತಾತ ಇದ್ದರು. ವಿಮಾನ ನಿಲ್ದಾಣ ಶುರುವಾಗಿ ಒಂದೆರಡು ವರ್ಷ ಆಗಿತ್ತು. ಯಲಹಂಕದಿಂದ ರಾಜಾನುಕುಂಟೆಯವರೆಗೆ ಹೊಲಗಳೆಲ್ಲ ಸೈಟುಗಳಾಗುತ್ತಿದ್ದವು. ತಾತನದು ಗ್ರಾನೈಟ್ ಕೆಲಸ. ಹೊಸ ಮನೆಗಳ ಅಡುಗೆ ಕಟ್ಟೆಗೆ, ಮೆಟ್ಟಿಲಿಗೆ, ಹೊಸ್ತಿಲಿಗೆ ಕಲ್ಲು ಅಳೆದು, ಕೈಮಿಷನ್ನಿನಲ್ಲಿ ಕತ್ತರಿಸಿ ಕೂರಿಸುತ್ತಿದ್ದರು. ಸಂಜೆ ಮನೆಗೆ ಬಂದರೆ ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲ ಬೆಳ್ಳಗೆ, ಹಿಟ್ಟಿನ ಗಿರಣಿಯಿಂದ ಎದ್ದು ಬಂದ ಹಾಗೆ. ಕೈಕಾಲು ತೊಳೆಯುವ ಮೊದಲು ಒಂದು ಅಚ್ಚು ಬೆಲ್ಲ ತಿನ್ನುತ್ತಿದ್ದರು. ಬೆಲ್ಲ ತಿಂದರೆ ಒಳಗೆ ಹೋದ ದೂಳು ಕರಗಿ ಹೊರಗೆ ಹೋಗುತ್ತದೆ ಎಂದು ಆ ಕೆಲಸದವರೆಲ್ಲ ನಂಬಿದ್ದರು. ನಾನೂ ನಂಬಿದ್ದೆ. ಡಬ್ಬಿಯಲ್ಲಿ ಬೆಲ್ಲ ಮುಗಿಯಲು ಬಿಡುತ್ತಿರಲಿಲ್ಲ. ನಿಮ್ಮ ಅಪ್ಪ ಆಗಷ್ಟೇ ಅವರ ಜೊತೆ ಕೆಲಸಕ್ಕೆ ಹೋಗಲು ಶುರು ಮಾಡಿದ್ದ. ಮಗನ ಕೈಗೆ ಗೆರೆ ಬಂದಿದೆ ಎಂದು ತಾತ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಹಾಕಿದ ಗೆರೆಯಿಂದ ಕೂದಲೆಳೆಯಷ್ಟೂ ಆಚೀಚೆ ಹೋಗದ ಹಾಗೆ ಕತ್ತರಿಸುತ್ತಾನೆ ಎಂದು ಅದರ ಅರ್ಥ.

ಮಹಡಿ ಹುಡುಗಿ ಹಿರಿಯೂರಿನ ಕಡೆಯವಳು. ಅವಳಪ್ಪ ಟೈಲರ್. ಹೆಬ್ಬಾಳದ ಕಡೆ ಒಂದು ಕಾಲೇಜಿನಲ್ಲಿ ಡಾಕ್ಟರ್ ಓದುತ್ತಿದ್ದಳು, ಇನ್ನೂ ಎರಡನೇ ವರ್ಷ. ಹಾಸ್ಟೆಲಿನ ಗಲಾಟೆಯಲ್ಲಿ ಓದಲಾಗುವುದಿಲ್ಲ ಎಂದು ನಮ್ಮಲ್ಲಿಗೆ ಬಂದಿದ್ದಳು. ಅಡುಗೆ ಮಾಡಿಕೊಳ್ಳುತ್ತಿದ್ದದ್ದು ಉಪ್ಪಿಟ್ಟು ಮಾತ್ರ. ಅದಕ್ಕೂ ಸಕ್ಕರೆ ಸುರಿದುಕೊಳ್ಳುತ್ತಿದ್ದಳು. ನಾನು ಸಾರು ಕೊಟ್ಟರೆ ನಿಂತುಕೊಂಡೇ ಕುಡಿದು ಲೋಟ ತೊಳೆದು ಇಟ್ಟು ಹೋಗುತ್ತಿದ್ದಳು. ನಾಜೂಕಿನ ಮಾತು ಅವಳಿಗೆ ಬರುತ್ತಿರಲಿಲ್ಲ. ಎದುರು ಮನೆಯ ಅಜ್ಜಿ ಒಂದು ಸಲ ಕಷ್ಟ ಹೇಳಿಕೊಂಡು ಅಳುತ್ತಿದ್ದರೆ, "ಒಂದ್ನಿಮಿಷ ಸುಮ್ನಿರಿ ಅಜ್ಜಿ, ಉಸಿರು ಎಣಿಸ್ತಿದ್ದೀನಿ," ಎಂದುಬಿಟ್ಟಿದ್ದಳು. ಅಜ್ಜಿಗೆ ಅಳು ನಿಂತು ಸಿಟ್ಟು ಬಂತು.

ಭಾನುವಾರ ಅವಳು ಬಿಳಿ ಕೋಟು ಒಗೆದು, ನೀಲಿ ಹಾಕಿ ಮಹಡಿಯ ತಂತಿಗೆ ಹರವುತ್ತಿದ್ದಳು. ಅದೇ ತಂತಿಯ ಇನ್ನೊಂದು ತುದಿಯಲ್ಲಿ ತಾತನ ಕೆಲಸದ ಅಂಗಿ ಇರುತ್ತಿತ್ತು. ಎಷ್ಟು ಒಗೆದರೂ ಅದರ ಹೊಲಿಗೆಗಳಲ್ಲಿ ಬಿಳಿ ಉಳಿದೇ ಇರುತ್ತಿತ್ತು. ಅವಳು ಒಮ್ಮೆ ಆ ಅಂಗಿಯನ್ನು ಕೊಡವಿ, ಬಿಸಿಲಿಗೆ ಎದ್ದ ದೂಳನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದು ನೆನಪಿದೆ.

ಆ ವರ್ಷ ಅವಳು ಕಾಲೇಜಿನಲ್ಲಿ ಒಂದು ಸಂಶೋಧನೆ ಹಿಡಿದಿದ್ದಳು. ಓದುವ ಮಕ್ಕಳೇ ಒಂದು ಪ್ರಶ್ನೆ ಹಾಕಿಕೊಂಡು, ಕಲಿಸುವ ಮೇಡಮ್ಮಿನ ಕೈಕೆಳಗೆ ಉತ್ತರ ಹುಡುಕಬೇಕಂತೆ. ಗೊರಗುಂಟೆಪಾಳ್ಯದ ಹತ್ತಿರ ಗಾರ್ಮೆಂಟ್ಸಿನಲ್ಲಿ ದುಡಿಯುವ ಹೆಂಗಸರ ಉಸಿರು ಬಟ್ಟೆಯ ದೂಳಿನಿಂದ ಕುಗ್ಗಿದೆಯೇ ಎನ್ನುವುದು ಅವಳ ಪ್ರಶ್ನೆ. "ನಮ್ಮಪ್ಪ ಕೆಮ್ಮಿದ್ರೆ ನೂಲು ಬರುತ್ತೆ ಅಂತ ನಮ್ಮಮ್ಮ ಆಡ್ಕೊಳ್ತಿದ್ಲು, ಅಲ್ಲಿಂದ ಶುರು," ಎನ್ನುತ್ತಿದ್ದಳು. ಅಳೆಯಲು ಕಾಲೇಜಿನಿಂದ ಒಂದು ಪ್ಲಾಸ್ಟಿಕ್ ಕೊಳವೆ ತಂದಿದ್ದಳು. ಬಾಯಿಗೆ ರಟ್ಟಿನ ತುಂಡು ಸಿಕ್ಕಿಸಿ ಜೋರಾಗಿ ಊದಿದರೆ ಒಂದು ಕೆಂಪು ಮುಳ್ಳು ಮುಂದೆ ಸರಿದು ನಿಲ್ಲುತ್ತಿತ್ತು. ಕೊಳವೆಯ ಮೇಲೆ ಹಸಿರು, ಹಳದಿ, ಕೆಂಪು ಪಟ್ಟಿ ಅಂಟಿಸಿದ್ದಳು. ಮುಳ್ಳು ಹಸಿರಿಗೆ ಹೋದರೆ ಉಸಿರು ಚೆನ್ನಾಗಿದೆ, ಕೆಂಪಿನಲ್ಲೇ ನಿಂತರೆ ಇಲ್ಲ.

ಗಾರ್ಮೆಂಟ್ಸಿನ ಹೆಂಗಸರದು ಅಳೆದು ಮುಗಿಸಿದ್ದಳು. ಹೋಲಿಸಿ ನೋಡಲು ಮನೆಯಲ್ಲೇ ಇರುವ ಹೆಂಗಸರು ಬೇಕು ಎಂದಳು. ಹಾಗಾಗಿ ಒಂದು ಭಾನುವಾರ ನಮ್ಮ ಬೀದಿಯ ಹೆಂಗಸರೆಲ್ಲ ನಮ್ಮ ನಡುಮನೆಯಲ್ಲಿ ಸೇರಿದರು. ಅವಳು ಒಬ್ಬೊಬ್ಬರನ್ನೇ ನಿಲ್ಲಿಸಿ, "ಉಸಿರು ಪೂರ್ತಿ ಎಳ್ಕೊಳ್ಳಿ. ಈಗ ದೀಪ ಆರಿಸೋ ಹಂಗೆ ಫೂ ಅಂತ ಊದಿ," ಎಂದಳು. ಯಾರು ಊದಿದರೂ ಮುಳ್ಳು ಹಳದಿ ದಾಟಲಿಲ್ಲ. ನಾನೂ ಊದಿದೆ, ಕೆನ್ನೆ ಉಬ್ಬಿತೇ ಹೊರತು ಗಾಳಿ ಹೋಗಲಿಲ್ಲ. ಅವಳ ಮುಖ ಸಣ್ಣದಾಯಿತು. ಗಾರ್ಮೆಂಟ್ಸಿನವರದೂ ಇಷ್ಟೇ, ಮನೆಯವರದೂ ಇಷ್ಟೇ, ಇದೇನಿದು ಎಂದು ಕೊಳವೆ ಕೊಡವಿದಳು, ತಿರುಗಿಸಿ ನೋಡಿದಳು.

ಕೊನೆಗೆ ಎದುರು ಮನೆಯ ಅಜ್ಜಿ ಕೊಳವೆಯನ್ನು ಮಡಿಲಲ್ಲಿಟ್ಟುಕೊಂಡು, "ಅಲ್ಲ ಕಣವ್ವಾ, ಮುತ್ತೈದೇರ ಕೈಲಿ ಬಾಯಲ್ಲಿ ದೀಪ ಆರ್ಸು ಅಂತೀಯಲ್ಲ. ನಿಮ್ಮ ಮನೇಲಿ ಇಂಗೇನಾ ಏಳಿಕೊಟ್ಟವ್ರೆ?" ಎಂದರು.

ದೀಪವನ್ನು ಊದಿ ಆರಿಸಬಾರದು ಎಂದು ನಮಗೆಲ್ಲ ಹುಟ್ಟಿದಾಗಿನಿಂದ ಹೇಳಿದ್ದಾರೆ. ಹೂವಿನಿಂದಲೋ ಬತ್ತಿ ಎಳೆದೋ ಆರಿಸುತ್ತೇವೆ. ದೀಪ ಎಂದ ಕೂಡಲೇ ನಮ್ಮ ಬಾಯಿ ತಾನಾಗಿಯೇ ಹಿಂಜರಿದಿತ್ತು. ಹುಡುಗಿ ಹಣೆ ಬಡಿದುಕೊಂಡು ನೆಲದ ಮೇಲೆ ಕೂತಳು. "ನಮ್ಮಜ್ಜೀನೂ ಬೈತಿದ್ಲು ಅಜ್ಜಿ. ಪುಸ್ತಕದಲ್ಲಿ ಹಂಗೆ ಹೇಳಿಕೊಡಿ ಅಂತ ಇತ್ತು, ಹೇಳಿಬಿಟ್ಟೆ. ಒಲೆ ಊದ್ತೀರಲ್ಲ, ಊದುಗೊಳವೇಲಿ? ಹಸಿ ಸೌದೆ, ಹೊಗೆ ಬರ್ತಿದೆ, ಮನೇಲಿ ನೆಂಟರು ಕೂತಿದ್ದಾರೆ. ಹಂಗೆ ಊದಿ."

ಅಜ್ಜಿ ಊದಿದರು. ಮುಳ್ಳು ಹಸಿರಿಗೆ ಹಾರಿತು. ಆಮೇಲೆ ಎಲ್ಲರೂ ನಾನು ತಾನು ಎಂದು ಊದಿದರು. ಅಷ್ಟು ನಗು ನಮ್ಮ ನಡುಮನೆಯಲ್ಲಿ ಮತ್ತೆ ಯಾವತ್ತೂ ಕೇಳಿಲ್ಲ.

ಅದೇ ಹೊತ್ತಿಗೆ ನಿಮ್ಮ ತಾತ, ಅಪ್ಪ ಇಬ್ಬರೂ ಅರ್ಧ ದಿನದ ಕೆಲಸ ಮುಗಿಸಿ ಬಂದರು. ತಾತ ಬಾಗಿಲಲ್ಲೇ ನಿಂತು, "ಏನವ್ವಾ ಡಾಕ್ಟ್ರಮ್ಮಾ, ನಮ್ಮ ಎಂಗಸರ ಕೈಲಿ ಪೀಪಿ ಊದುಸ್ತಿದ್ದೀಯಾ?" ಎಂದರು.

"ನೀವೂ ಬನ್ನಿ ಅಂಕಲ್. ಒಲೆ ಊದೋ ಹಂಗೆ ಊದ್ಬೇಕು."

"ನಾನ್ ಯಾವತ್ತು ಒಲೆ ಊದಿವ್ನಿ?"

ಹೆಂಗಸರೆಲ್ಲ ನಕ್ಕರು. ಅವರೂ ನಗುತ್ತಲೇ ಊದಿದರು. ಮುಳ್ಳು ಕೆಂಪಿನಲ್ಲೇ ನಿಂತಿತು. ಅಜ್ಜಿ, "ಗಂಡಸು ನೋಡು, ಬಾಯಿ ಮಾತ್ರ ಜೋರು," ಎಂದರು. ಹುಡುಗಿಯೂ ನಕ್ಕಳು. ಆಗಷ್ಟೇ ತನ್ನ ಮಾತಿನ ತಪ್ಪು ಕಂಡುಕೊಂಡಿದ್ದವಳಲ್ಲವೇ, ಇದೂ ಅಂಥದ್ದೇ ಎಂದುಕೊಂಡಳು. ಅವಳ ಕೋಣೆಗೆ ತಾತ ಕಲ್ಲಿನ ಶೆಲ್ಫ್ ಕೂರಿಸುವಾಗ ಪಕ್ಕದಲ್ಲಿ ನಿಂತು ನೋಡಿದ್ದಳು. ಅದನ್ನೇ ನೆನೆದು ಕೇಳಿದಳು.

"ಅಂಕಲ್, ಕಲ್ಲಿನ ಮೇಲೆ ಗೆರೆ ಹಾಕಿರ್ತೀರಲ್ಲ, ದೂಳು ಕೂತು ಗೆರೆ ಕಾಣ್ದೆ ಹೋದ್ರೆ ಏನ್ಮಾಡ್ತೀರಾ?"

"ಉಫ್ ಅಂತ ಊದ್ತೀನಿ."

"ಹಾಂ, ಹಂಗೇ ಊದಿ."

ಅವರು ಕಾಲು ಅಗಲಿಸಿ ನಿಂತು, ಕಲ್ಲಿನ ಮುಂದೆ ಬಗ್ಗುವ ಹಾಗೆ ಬಗ್ಗಿ ಊದಿದರು. ಮುಳ್ಳು ಅಲ್ಲೇ. ಇನ್ನೊಮ್ಮೆ ಊದಿದರು. ಮಧ್ಯದಲ್ಲಿ ಕೆಮ್ಮು ಹತ್ತಿ ಗೋಡೆ ಹಿಡಿದುಕೊಂಡರು. ಹೆಂಗಸರು ಇನ್ನೂ ನಗುತ್ತಿದ್ದರು. ನಾನು ನೋಡಿದೆ, ಹುಡುಗಿ ಮುಳ್ಳು ನೋಡುತ್ತಿರಲಿಲ್ಲ. ಅವರ ಕುತ್ತಿಗೆ ನೋಡುತ್ತಿದ್ದಳು. ಒಂದೊಂದು ಉಸಿರಿಗೂ ಆ ಗುಳಿ ಒಳಕ್ಕೆ, ಹೆಬ್ಬೆರಳು ಇಡುವಷ್ಟು ಒಳಕ್ಕೆ ಸೇದಿಕೊಳ್ಳುತ್ತಿತ್ತು. ಅವರ ಜೊತೆ ಅಷ್ಟು ವರ್ಷ ಬಾಳಿದ ನನಗೆ ಅದು ಆವತ್ತೇ ಕಂಡದ್ದು.

ನಿಮ್ಮ ಅಪ್ಪ ಕೊಳವೆ ಕಿತ್ತುಕೊಂಡು ಊದಿದ. ಮುಳ್ಳು ಹಸಿರಿನ ತುದಿ ಮುಟ್ಟಿತು. "ನನ್ನ ಮಗ ಕಣ್ರವ್ವಾ," ಎಂದರು ತಾತ, ಇನ್ನೂ ಏದುತ್ತ. ಹುಡುಗಿ, "ಸಾಕು, ಇವತ್ತಿಗೆ ಮುಗೀತು," ಎಂದು ಕೊಳವೆ ಎತ್ತಿಟ್ಟಳು.

ಮಾರನೆಯ ದಿನ ಅವಳು ತನ್ನ ಮೇಡಮ್ಮಿಗೆ ದೀಪದ ವಿಷಯ ಹೇಳಿದಳಂತೆ. ಗಾರ್ಮೆಂಟ್ಸಿನವರದ್ದನ್ನೆಲ್ಲ ಮತ್ತೆ ಮೊದಲಿನಿಂದ ಅಳೆಯಬೇಕು ಎಂದಳಂತೆ. ಟೈಮಿಲ್ಲ, ಎಲ್ಲರಿಗೂ ಒಂದೇ ಥರ ಹೇಳಿದ್ದೀಯ, ಬಿಟ್ಟುಬಿಡು ಎಂದರಂತೆ ಅವರು. "ಎಲ್ರೂ ಒಂದೇ ಥರ ಹೆದರಿಕೊಂಡು ಊದಿದ್ದಾರೆ ಮೇಡಂ, ಅದು ಉಸಿರಲ್ಲ ಅಂದೆ," ಎಂದಳು ನನ್ನ ಹತ್ತಿರ. ಮೆಟ್ರೋ ಕಂಬಗಳನ್ನು ಕಟ್ಟುತ್ತಿದ್ದ ಆ ರಸ್ತೆಯಲ್ಲಿ, ಗಾರ್ಮೆಂಟ್ಸಿನ ಗೇಟಿನ ಹೊರಗೆ, ಊಟದ ಬಿಡುವಿನಲ್ಲಿ ಹೆಂಗಸರನ್ನು ಮತ್ತೆ ಒಬ್ಬೊಬ್ಬರನ್ನೇ ಹಿಡಿದು ಊದಿಸಿದಳು. ಬಿಸಿಲಿಗೆ ಕಪ್ಪಾಗಿ ಬರುತ್ತಿದ್ದಳು. ಜೊತೆಯವರು ಸಿನಿಮಾಕ್ಕೆ ಹೋಗುವಾಗ ಇವಳು ಒಲೆ ಊದಿಸಲು ಹೋಗುತ್ತಾಳೆ ಎಂದು ಕಾಲೇಜಿನಲ್ಲಿ ರೇಗಿಸುತ್ತಿದ್ದರಂತೆ.

ಅದರ ನಡುವೆಯೇ ತಾತನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅವರು ಹೊರಡುವಂತೆ ಮಾಡಲು ಎಷ್ಟು ಜಗಳ ಆಯಿತೋ. ಎಕ್ಸ್‌ರೇ ತಂದು ನಮ್ಮ ಕಿಟಕಿಗೆ ಹಿಡಿದು ತೋರಿಸಿದಳು. ಎದೆಯ ಎರಡೂ ಕಡೆ ರವೆ ಚೆಲ್ಲಿದ ಹಾಗಿತ್ತು.

"ಇದು ಕಲ್ಲಿನ ದೂಳು ಅಂಕಲ್. ಒಳಗೆ ಕೂತು ಗಾಯ ಮಾಡಿದೆ. ಇದು ಹೋಗಲ್ಲ. ಕಫದಲ್ಲಿ ಟಿಬಿನೂ ಇದೆ. ಅದಕ್ಕೆ ಮಾತ್ರೆ ಇದೆ. ದೂಳಿಗೆ ಇಲ್ಲ."

"ದಿನಾ ಬೆಲ್ಲ ತಿಂತೀನಲ್ಲವ್ವಾ."

"ಬೆಲ್ಲ ಹೊಟ್ಟೆಗೆ ಹೋಗುತ್ತೆ. ದೂಳು ಹೋಗೋ ದಾರೀನೇ ಬೇರೆ."

ಹೀಗೆ ಮುಖಕ್ಕೆ ಹೊಡೆದ ಹಾಗೆ ಹೇಳುವುದು ಅವಳ ರೀತಿ. ಸ್ವಲ್ಪ ಮೆಲ್ಲಗೆ ಹೇಳಬಾರದಾ ಎಂದು ನನಗೆ ಸಿಟ್ಟು ಬಂತು. ಆದರೆ ಹಿಂದೆ ಹೋದ ಕಡೆಯಲ್ಲೆಲ್ಲ ಬರೀ ಕೆಮ್ಮಿನ ಔಷಧ ಕೊಟ್ಟು ಕಳಿಸಿದ್ದರು. ಏನಾಗಿದೆ ಎಂದು ನಮಗೆ ಹೇಳಿದ್ದು ಇನ್ನೂ ಡಾಕ್ಟರಾಗದ ಅವಳು.

ತಾತ ಮಾತ್ರೆ ನುಂಗಿಕೊಂಡು ಮನೆಯಲ್ಲಿ ಕೂತರು. ಒಪ್ಪಿಕೊಂಡ ಕೆಲಸ ಬಾಕಿ ಇತ್ತು. ರಾಜಾನುಕುಂಟೆಯ ಒಂದು ಮನೆಯವರು ಗೃಹಪ್ರವೇಶದ ಪತ್ರಿಕೆ ಹಂಚಿಬಿಟ್ಟಿದ್ದರು. ನಿಮ್ಮ ಅಪ್ಪ ಮೂಗಿಗೆ ಕರ್ಚೀಫ್ ಕಟ್ಟಿಕೊಂಡು, ಮಿಷನ್ ಹೆಗಲಿಗೆ ಹಾಕಿಕೊಂಡು ಹೊರಟ. ಹುಡುಗಿ ಕಾಲೇಜಿಗೆ ಹೊರಟವಳು ಗೇಟಿನಲ್ಲಿ ಅಡ್ಡ ನಿಂತಳು.

"ಅಣ್ಣಾ, ಕರ್ಚೀಫು ಸೊಳ್ಳೆ ತಡೆಯುತ್ತೆ. ಆ ದೂಳು ಅದರಲ್ಲಿ ಆರಾಮಾಗಿ ಹೋಗುತ್ತೆ. ನೀರು ಬಿಟ್ಕೊಂಡಾದ್ರೂ ಕತ್ತರಿಸು."

"ನೀರು ಬಿಟ್ರೆ ಮಿಷನ್ ಶಾಕ್ ಹೊಡಿಯುತ್ತೆ. ಗೆರೆನೂ ಅಳಿಸಿ ಹೋಗುತ್ತೆ," ಎಂದ ನಿಮ್ಮ ಅಪ್ಪ.

ಒಳಗಿನಿಂದ ತಾತ ಕೂಗಿದರು. "ದಾರಿ ಬುಡವ್ವಾ. ಮಾತು ಕೊಟ್ಟಿವ್ನಿ. ಒಸ್ತಿಲು ಇಲ್ದೆ ಅವರು ಮನೆ ಒಳಗೆ ಎಂಗೆ ಓಗ್ತಾರೆ? ನಿಂದು ನೀನು ಓದ್ಕೊ."

ಅವಳು ಮಹಡಿಗೆ ಹೋದಳು. ಮುನಿಸಿಕೊಂಡು ಹೋದಳು ಎಂದುಕೊಂಡೆವು. ಕೊಳವೆ ಹಿಡಿದುಕೊಂಡು ಇಳಿದು ಬಂದಳು. ಬಾಯಿಗೆ ಮಾಸ್ಕ್ ಕಟ್ಟಿಕೊಂಡಿದ್ದಳು. ಮಾತು ಸರಿಯಾಗಿ ಕೇಳಿಸಲೆಂದು ಅದನ್ನು ಗದ್ದಕ್ಕೆ ಎಳೆದುಕೊಂಡು, ತಾತನ ಮುಂದೆ ಮಂಡಿಯೂರಿ ಕೂತಳು. ಚಳಿಗಾಲ, ಕಿಟಕಿಗಳೆಲ್ಲ ಮುಚ್ಚಿದ್ದವು.

"ಇನ್ನೊಂದೇ ಸಲ ಊದಿ ಅಂಕಲ್. ಅಣ್ಣನ ಮುಂದೆ."

ತಾತ ಅವಳನ್ನು ನೋಡಿದರು, ಮಗನನ್ನು ನೋಡಿದರು. ಆಮೇಲೆ ಕೊಳವೆ ಬಾಯಿಗೆ ಇಟ್ಟುಕೊಂಡರು. ಈ ಸಲ ಯಾರೂ ನಗಲಿಲ್ಲ. ಕುತ್ತಿಗೆಯ ನರಗಳೆಲ್ಲ ಎದ್ದು ನಿಂತವು. ಮುಳ್ಳು ಎಷ್ಟು ಸರಿಯಿತೆಂದರೆ, ಸರಿಯಿತೋ ಇಲ್ಲವೋ ಎಂದು ನಾವೆಲ್ಲ ಬಗ್ಗಿ ನೋಡಬೇಕಾಯಿತು. ಅವಳು ಹೊಸ ರಟ್ಟು ಹಾಕಿ ಕೊಳವೆಯನ್ನು ನಿಮ್ಮ ಅಪ್ಪನಿಗೆ ಕೊಟ್ಟಳು. ಅವನು ತೆಗೆದುಕೊಳ್ಳಲಿಲ್ಲ. ಮಿಷನ್ನನ್ನು ಹೆಗಲಿನಿಂದ ಇಳಿಸಿ ನೆಲಕ್ಕೆ ಇಟ್ಟ.

ತಾತ ಮಿಷನ್ನಿನ ಕಡೆ ನೋಡಿಕೊಂಡು ಹೇಳಿದರು. "ಆ ಮನೆಯವರಿಗೆ ಬೇರೆ ಯಾರ್ನಾದ್ರೂ ನೋಡ್ಕಳಿ ಅಂತ ಏಳ್ಬುಡು. ನಾನೇ ಏಳ್ದೆ ಅನ್ನು."

ಮಗನ ಕೈಗೆ ಗೆರೆ ಬಂದಿದೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವರು ಆ ಮಾತನ್ನು ಹೇಗೆ ಆಡಿದರೋ. ನಿಮ್ಮ ಅಪ್ಪ ಕೆಲವು ತಿಂಗಳು ಕೆಲಸವಿಲ್ಲದೆ ಅಲೆದ. ಆಮೇಲೆ ಲಿಫ್ಟ್ ರಿಪೇರಿ ಕಲಿತ. ಅದು ನಿಮಗೆ ಗೊತ್ತು.

ಅವಳ ಸಂಶೋಧನೆ ಮುಗಿಯಿತು. ಕಾಲೇಜಿನಲ್ಲಿ ಎಲ್ಲರ ಮುಂದೆ ಹೇಳಿ ಬಂದ ದಿನ ಸಂತೋಷವಾಗಿರುತ್ತಾಳೆ ಎಂದು ಒಬ್ಬಟ್ಟು ಮಾಡಿಟ್ಟಿದ್ದೆ. ಅವಳು ಒಬ್ಬಟ್ಟನ್ನು ಮುರಿಯದೆ ಕೈಯಲ್ಲೇ ಹಿಡಿದುಕೊಂಡು ಕೂತಳು. "ಚಪ್ಪಾಳೆ ತಟ್ಟಿದ್ರು ಆಂಟಿ. ಆದ್ರೆ ಅದ್ರಲ್ಲಿ ಅಂಕಲ್ ಇಲ್ಲ. ಹೆಂಗಸ್ರ ಬಗ್ಗೆ ಅಲ್ವಾ, ಅವರನ್ನ ಸೇರಿಸೋಕೆ ಬರಲ್ಲ," ಎಂದಳು. ಮುಂದಿನ ಸಲ ಕಲ್ಲು ಕತ್ತರಿಸುವವರದ್ದೇ ಮಾಡುತ್ತೇನೆ ಎಂದು, ಬಿಡುವು ಸಿಕ್ಕಾಗ ರಾಜಾನುಕುಂಟೆಯ ಕಡೆ ಕಟ್ಟುತ್ತಿದ್ದ ಮನೆಗಳಿಗೆ ಹೋಗಿ ಬರತೊಡಗಿದಳು. "ಒಬ್ಬ ಇವತ್ತು ಏನಂದ ಗೊತ್ತಾ? ಬೆಲ್ಲ ತಂದಿದ್ರೆ ಊದ್ತಿದ್ದೆ ಅಂದ," ಎಂದು ಬಂದು ನಗುತ್ತಿದ್ದಳು.

ಮುಂದಿನ ಬೇಸಿಗೆಯಲ್ಲಿ ಅವಳಿಗೆ ತಲೆನೋವು ಶುರುವಾಯಿತು. ಪರೀಕ್ಷೆ ಹತ್ತಿರ ಇತ್ತು, ಓದಿ ಓದಿ ಬಂದಿದೆ ಎಂದಳು. ಸಂಜೆಗೆ ಸಣ್ಣ ಜ್ವರ. ಉಪ್ಪಿಟ್ಟು ಮಾಡುವುದನ್ನೂ ಬಿಟ್ಟಳು. ನಾನು ಗಂಜಿ ತೆಗೆದುಕೊಂಡು ಹೋದರೆ ವಾಂತಿಯಾಯಿತು. "ಆಂಟಿ, ನನ್ನ ಗುಳಿ ನೋಡಿ ಹೇಳಿ, ಒಳಕ್ಕೆ ಹೋಗ್ತಿದ್ಯಾ?" ಎಂದು ಕತ್ತು ಎತ್ತಿದಳು. ಅವಳು ನೋಡುತ್ತಿದ್ದ ಹಾಗೆಯೇ ನೋಡಿದೆ. ಅದು ಅಲುಗದೆ ಇತ್ತು. ಚೆನ್ನಾಗಿದೆ ಕಣಮ್ಮ ಎಂದೆ. ನಿಜವಾಗಿಯೂ ಚೆನ್ನಾಗಿತ್ತು. ಕಾಯಿಲೆ ಎದೆಯಲ್ಲಿ ಇರಲಿಲ್ಲ.

ಅವಳ ಜೊತೆ ಓದುವವರೇ ಬಂದು ಆಸ್ಪತ್ರೆಗೆ ಸೇರಿಸಿದರು. ಟಿಬಿ ಮೆದುಳಿಗೆ ಹತ್ತಿದೆ ಎಂದರು. ನಾನು ನೋಡಲು ಹೋದಾಗ ಇನ್ನೂ ಎಚ್ಚರ ಇತ್ತು. ನಾನು ಮಂಚದ ಕಾಲಿನ ಹತ್ತಿರ ನಿಂತಿದ್ದೆ. ಅವಳೇ ಮಾತಾಡಿದಳು, ನನ್ನ ಕುತ್ತಿಗೆ ನೋಡಿಕೊಂಡು.

"ಆಂಟಿ, ಇದನ್ನ ನಿಮ್ಮ ಮನೆ ತಲೆ ಮೇಲೆ ಹಾಕ್ಕೋಬೇಡಿ. ನಾನು ಗಾರ್ಮೆಂಟ್ಸಿನವರ ಹತ್ರ ಹೋಗಿದ್ದೀನಿ, ವಾರ್ಡಲ್ಲಿ ಓಡಾಡಿದ್ದೀನಿ, ದಿನಾ ಬಸ್ಸಲ್ಲಿ ನೇತಾಡಿದ್ದೀನಿ. ಎಲ್ಲಿಂದ ಬಂತು ಅಂತ ಯಾರಿಗೂ ಹೇಳೋಕಾಗಲ್ಲ. ಅಂಕಲ್‌ಗೆ ಹೇಳಿ. ಮರೀದೆ ಹೇಳಿ."

ಮತ್ತೆ ಹೋದಾಗ ನನ್ನ ಗುರುತು ಹತ್ತಲಿಲ್ಲ. ಕಣ್ಣು ಮುಚ್ಚಿಕೊಂಡೇ ಯಾರಿಗೋ ಹೇಳುತ್ತಿದ್ದಳು, "ದೀಪ ಅಲ್ಲ, ಒಲೆ. ಒಲೆ ಊದೋ ಹಂಗೆ. ಇನ್ನೊಂದ್ಸಲ." ಅವಳಪ್ಪ ಪಕ್ಕದಲ್ಲಿ ಕೂತು, ಅವಳಿಗೆ ಸಮಾಧಾನ ಆಗಲೆಂದು, ಗಾಳಿಯಲ್ಲಿ ಫೂ ಫೂ ಎಂದು ಊದುತ್ತಿದ್ದರು.

ಅವಳು ಹೋದ ಮೇಲೆ ಆ ಮನುಷ್ಯ ಸಾಮಾನು ತೆಗೆದುಕೊಳ್ಳಲು ಬಂದರು. ಮಹಡಿಯ ತಂತಿಯ ಮೇಲೆ ಬಿಳಿ ಕೋಟು ಹಾಗೆಯೇ ಇತ್ತು. ನಾನು ತೆಗೆದು ಮಡಚಿ ಕೊಟ್ಟೆ. ಅವರು ಅದನ್ನು ಬಿಡಿಸಿ, ತೋಳಿನ ಹೊಲಿಗೆಯ ಮೇಲೆ ಬೆರಳು ಆಡಿಸಿ, "ನಾನೇ ಹೊಲಿದಿದ್ದಮ್ಮಾ," ಎಂದರು. ನಮ್ಮ ಮನೆಯಲ್ಲಿ ಟಿಬಿ ಇತ್ತೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ ನನಗೆ ತಿಳಿಯದು. ನಿಮ್ಮ ತಾತ ಕೋಣೆಯಿಂದ ಹೊರಗೆ ಬರಲಿಲ್ಲ.

ಅವರು ಹೊರಟು ಹೋದ ಮೇಲೆ ತಾತ ನನ್ನನ್ನು ಕರೆದು, "ನನ್ನಿಂದಾನಾ?" ಎಂದು ಒಂದೇ ಮಾತು ಕೇಳಿದರು. ಹುಡುಗಿ ಹೇಳು ಎಂದದ್ದನ್ನೆಲ್ಲ ಹೇಳಿದೆ. ಗಾರ್ಮೆಂಟ್ಸು, ವಾರ್ಡು, ಬಸ್ಸು, ಒಂದನ್ನೂ ಬಿಡಲಿಲ್ಲ. ಅವರು ಗೋಡೆಯ ಕಡೆ ತಿರುಗಿ ಮಲಗಿದರು. ನಂಬಿದ ಹಾಗೆ ಕಾಣಲಿಲ್ಲ. ಆಮೇಲೆ ಬೆಲ್ಲ ಕೇಳಲಿಲ್ಲ. ನಾನು ಡಬ್ಬಿ ಮುಂದೆ ಇಟ್ಟರೂ ಮುಟ್ಟಲಿಲ್ಲ. ಟಿಬಿ ವಾಸಿಯಾಯಿತು ಎಂದು ಆಸ್ಪತ್ರೆಯವರು ಹೇಳಿದರು, ದೂಳು ವಾಸಿಯಾಗಲಿಲ್ಲ. ಮರುವರ್ಷ ಅವರೂ ಹೋದರು. ಕೊನೆಯ ದಿನಗಳಲ್ಲಿ ಆ ಗುಳಿ ಎಷ್ಟು ಒಳಕ್ಕೆ ಹೋಗುತ್ತಿತ್ತೆಂದು ಬರೆಯುವುದಿಲ್ಲ.

ಬಹಳ ದಿನಗಳ ಮೇಲೆ ಧೈರ್ಯ ಮಾಡಿ, ತಾತನಿಗೆ ಔಷಧ ಕೊಟ್ಟ ಡಾಕ್ಟರನ್ನು ಕೇಳಿದೆ, ಆ ಹುಡುಗಿಗೆ ನಮ್ಮ ಮನೆಯಿಂದ ಬಂದಿರಬಹುದಾ ಎಂದು. ಅವರು ಅವಳು ಹೇಳಿದ್ದನ್ನೇ ಹೇಳಿದರು. "ಬಂದಿರಬಹುದು, ಬರದೇನೂ ಇರಬಹುದು ಅಮ್ಮ. ಈ ಊರಲ್ಲಿ ಯಾರಿಗೆ ಎಲ್ಲಿಂದ ಅಂತ ಹೇಳೋದು?" ನನಗೆ ಉತ್ತರ ಸಿಗಲಿಲ್ಲ. ಈ ಜನ್ಮದಲ್ಲಿ ಸಿಗುವುದಿಲ್ಲ.

ಇಷ್ಟು ಮಾತ್ರ ಗೊತ್ತು. ನಿಮ್ಮ ಅಪ್ಪನ ಜೊತೆ ಕಲ್ಲಿನ ಕೆಲಸಕ್ಕೆ ಸೇರಿದ್ದ ಹುಡುಗರಲ್ಲಿ ಒಬ್ಬ ಈಗ ಇಲ್ಲ. ಇನ್ನೊಬ್ಬ ಬೀದಿಯ ತುದಿಯ ಅಂಗಡಿಯವರೆಗೆ ನಡೆದು ಬರಲು ಎರಡು ಕಡೆ ಕೂರುತ್ತಾನೆ. ನಿಮ್ಮ ಅಪ್ಪ ಸಂಜೆ ಕೆಲಸ ಮುಗಿಸಿ, ನಿಮ್ಮಲ್ಲಿ ಒಬ್ಬರನ್ನು ಹೆಗಲ ಮೇಲೆ ಕೂರಿಸಿಕೊಂಡು, ಇನ್ನೊಬ್ಬರನ್ನು ಕೈಯಲ್ಲಿ ಹಿಡಿದುಕೊಂಡು ನಾವೀಗ ಇರುವ ಮಹಡಿಗೆ ಮೆಟ್ಟಿಲು ಹತ್ತಿ ಬಂದು "ಅಮ್ಮಾ, ಕಾಫಿ" ಎನ್ನುತ್ತಾನೆ. ನಾನು ಮುಖ ನೋಡುವ ಮೊದಲು ಅವನ ಕುತ್ತಿಗೆ ನೋಡುತ್ತೇನೆ. ಒಂದು ನಿಮಿಷ ಸುಮ್ಮನಿರು ಎನ್ನುತ್ತೇನೆ. ಅವನಿಗೆ ಗೊತ್ತು, ಸುಮ್ಮನೆ ನಿಲ್ಲುತ್ತಾನೆ. ನಾನು ಎಣಿಸುತ್ತೇನೆ.